ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ

ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನನ್ನ ಪಾಲು ನನಗೆ ಬೇಡ ಅಂತ ಬರೆದುಕೊಡುವ ಕಾಗದ, ನನಗೆ ಬಾಯಿಪಾಠ. ಇಪ್ಪತ್ತಾರು ವರ್ಷದಿಂದ ಕಲಬುರಗಿಯಲ್ಲಿ ವಕೀಲಿ ಮಾಡುತ್ತಿದ್ದೇನೆ. ಅದರಲ್ಲಿ ಪಾಲಿನ ದಾವೆಗಳೇ ಜಾಸ್ತಿ. ಅಣ್ಣತಮ್ಮಂದಿರ ಜಗಳ, ಕಾಕಾನ ಮಕ್ಕಳ ಜಗಳ, ಬದುವಿನ ಜಗಳ. ಕೆಲವು ಕೋರ್ಟಿನಲ್ಲಿ ಮುಗಿಯುತ್ತವೆ, ಕೆಲವು ಕೋರ್ಟಿಗೆ ಬರುವ ಮೊದಲೇ ಅಕ್ಕತಂಗಿಯರ ಸಹಿಯಲ್ಲಿ ಮುಗಿಯುತ್ತವೆ. ಆ ಸಹಿ ಬೀಳುವ ಕಾಗದದಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ ಅಂತ. ಈ ಸಾಲನ್ನು ಎಷ್ಟು ನೂರು ಸಲ ಟೈಪ್ ಮಾಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. 2022ರಲ್ಲಿ ಅದನ್ನು ನನ್ನ ಸ್ವಂತ ತಂಗಿಯ ಮುಂದೆ ಜೋರಾಗಿ ಓದಬೇಕಾಗಿ ಬಂತು.

ಅವತ್ತಿನಿಂದ ಒಂದು ವಿಷಯ ತಲೆ ಬಿಟ್ಟು ಹೋಗಿಲ್ಲ. ಇಷ್ಟು ದಿನ ಮನೆಯವರನ್ನು ಬಿಟ್ಟು ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ತಂಗಿಯನ್ನು ಕೇಳಿದೆ. ಬರಿ ಅಂದಳು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿದೆ. ಎರೆ ಭೂಮಿ. ಮುತ್ಯಾನ, ಅಂದರೆ ಅಜ್ಜನ ಕಾಲದಿಂದ ಬಂದ 13 ಎಕರೆ 20 ಗುಂಟೆ ಹೊಲ. ಮುಂಗಾರಿಗೆ ತೊಗರಿ, ಹೆಸರು, ಹಿಂಗಾರಿಗೆ ಜೋಳ. ಅಪ್ಪ 2018ರಲ್ಲಿ ತೀರಿಕೊಂಡ, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ನಾವು ಮೂವರು ಮಕ್ಕಳು. ನಾನು ದೊಡ್ಡವನು. ನನ್ನ ನಂತರದವಳು ತಂಗಿ, ಶಹಾಪುರದ ಕಡೆ ಕೊಟ್ಟಿದ್ದೇವೆ. ಕೊನೆಯವನು ತಮ್ಮ, ಊರಲ್ಲೇ ಇದ್ದು ಒಕ್ಕಲುತನ ಮಾಡುತ್ತಾನೆ. ಲೆಕ್ಕ ಕಷ್ಟದ್ದಲ್ಲ. ಮೂರು ಪಾಲು, ಒಬ್ಬೊಬ್ಬರಿಗೆ 4 ಎಕರೆ 20 ಗುಂಟೆ.

ಹೆಣ್ಣುಮಕ್ಕಳ ಪಾಲಿನ ಕಾನೂನನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಮದುವೆಯಾಗದ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನ ಸಮಾನ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಆ ಹಕ್ಕು ಬಂತು, ಮದುವೆಯಾದವಳು ಆಗದವಳು ಅನ್ನುವ ಭೇದವೂ ಹೋಯಿತು. ಆ ದಿನ ತಂದೆ ಬದುಕಿರಲೇಬೇಕಾ ಅನ್ನುವ ಗೊಂದಲ ಮಾತ್ರ ಬಹಳ ವರ್ಷ ಉಳಿದಿತ್ತು. ಅದನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಇದ್ದನೋ ಇಲ್ಲವೋ ಅದು ಮುಖ್ಯ ಅಲ್ಲ ಅಂತ. ಆ ತೀರ್ಪನ್ನು ಕೂತು ಪೂರ್ತಿ ಓದಿ, ಗುರುತು ಹಾಕಿ, ನನ್ನ ಜೂನಿಯರ್‌ಗಳಿಗೆ ಪಾಠ ಮಾಡಿದ್ದೆ. ಕಕ್ಷಿದಾರರಾಗಿ ಬಂದ ಹೆಣ್ಣುಮಕ್ಕಳಿಗೆ ಧೈರ್ಯ ಹೇಳಿದ್ದೆ. ಅವೆಲ್ಲ ಸುಳ್ಳು ಧೈರ್ಯ ಆಗಿರಲಿಲ್ಲ, ಮನಸ್ಸಿನಿಂದಲೇ ಹೇಳಿದ್ದು.

2022ರ ನವೆಂಬರ್ 9ಕ್ಕೆ, ಕಾನೂನು ಸೇವೆಗಳ ದಿನ ಅಂತ, ಯಾದಗಿರಿಯ ಒಂದು ಕಾಲೇಜಿಗೆ ಮಾತಾಡಲು ಹೋಗಿದ್ದೆ. ವಿಷಯ ಇದೇ, ಹೆಣ್ಣುಮಕ್ಕಳ ಆಸ್ತಿ ಹಕ್ಕು. ಚೆನ್ನಾಗಿ ಮಾತಾಡಿದೆ. ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, ಸರ್ ನಮ್ಮವ್ವನ ಸಹಿ ಮಾಡಿಸಿಕೊಂಡಿದ್ದಾರೆ ನಮ್ಮ ಮಾಮಂದಿರು, ಈಗ ಏನಾದರೂ ಮಾಡಬಹುದಾ ಅಂತ ಕೇಳಿದಳು. ನಂಬರ್ ಕೊಟ್ಟು ಬಂದೆ. ಸಂಜೆ ರೈಲಿನಲ್ಲಿ ವಾಪಸ್ ಹೊರಟೆ. ವಾಡಿ, ಶಹಾಬಾದ್, ಆಮೇಲೆ ಮರತೂರು. ಮರತೂರು ಸ್ಟೇಷನ್ನಿನ ಬೋರ್ಡು ಕಂಡಾಗೆಲ್ಲ ನನಗೆ ಖುಷಿ ಆಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅವತ್ತೂ ಖುಷಿಪಟ್ಟೆ. ಆಗ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲಿ ನನ್ನ ತಂಗಿಯ ಹೆಸರಿನ ಹಕ್ಕು ಬಿಡುಗಡೆ ಪತ್ರದ ಡ್ರಾಫ್ಟ್ ಇತ್ತು. ನಾನೇ ಬರೆದದ್ದು.

ಆ ಎರಡನ್ನೂ ಒಟ್ಟಿಗೆ ನೋಡಿದ ನೆನಪೇ ನನಗಿಲ್ಲ. ಮುಖವಾಡ ಹಾಕಿಕೊಂಡು ಭಾಷಣ ಮಾಡಿ ಬಂದೆ ಅನ್ನುವ ಹಾಗೂ ಇರಲಿಲ್ಲ. ಭಾಷಣದ ಮಾತು ಒಂದು ಕೋಣೆಯಲ್ಲಿತ್ತು, ಆ ಕಾಗದ ಇನ್ನೊಂದು ಕೋಣೆಯಲ್ಲಿತ್ತು. ನಡುವೆ ಬಾಗಿಲು ಇದೆ ಅನ್ನುವುದೇ ಗೊತ್ತಿರಲಿಲ್ಲ.

ಕಾಗದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು. ಬಹಳ ಒಳ್ಳೆಯ ಕಾರಣಗಳು. ತಮ್ಮ ಒಬ್ಬನೇ ದುಡಿಯುತ್ತಾನೆ, ಹೊಲ ಮೂರು ತುಂಡಾದರೆ ಅವನ ಬದುಕು ಹೇಗೆ ನಡೆಯಬೇಕು. ತಂಗಿಯ ಗಂಡನ ಮನೆಗೆ ಕಾಲುವೆ ನೀರಿನ ಹೊಲ ಇದೆ, ನಮ್ಮದು ಮಳೆ ನಂಬಿದ್ದು. ಮದುವೆಯಲ್ಲಿ ಅಪ್ಪ ಬಂಗಾರ ಹಾಕಿದ್ದ, ಎರಡು ಬಾಣಂತನ ಮಾಡಿದ್ದ. ದೂರದಲ್ಲಿದ್ದು ಅವಳು ಈ ಹೊಲ ಮಾಡುವುದು ಹೇಗೆ, ಕೊನೆಗೆ ಯಾರಿಗೋ ಮಾರಬೇಕಾಗುತ್ತದೆ, ಮುತ್ಯಾನ ಭೂಮಿ ಹೊರಗಿನವರ ಪಾಲಾಗುತ್ತದೆ. ಒಂದೊಂದನ್ನೂ ಬಿಡಿಸಿ ಹೇಳಿದರೆ ಕೇಳಿದವರು ಹೌದು ಅನ್ನಬೇಕು. ನನ್ನ ಹೆಂಡತಿ ಮಾತ್ರ ಏನೂ ಅನ್ನಲಿಲ್ಲ, ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು.

ಆಮೇಲೆ ಒಂದು ಫೋನು ಬಂತು. ತಮ್ಮನದು. ಹೊಲದಲ್ಲಿ ನಿಂತು ಮಾತಾಡುತ್ತಿದ್ದ, ಗಾಳಿ ಸಪ್ಪಳ ಕೇಳುತ್ತಿತ್ತು. ಆ ಮಾತು ಈ ಮಾತು ಆಡಿ ಕೊನೆಗೆ, "ಅಕ್ಕಂದು ಅಕ್ಕಗ ಕೊಟ್ಟಬಿಡಮಣ್ಣಾ. ನಂದು ಹ್ಯಾಂಗಾರ ನಡೀತದ" ಅಂದ.

ನನಗೆ ಸಿಟ್ಟು ಬಂತು. ಅದೂ ಎಂಥ ಸಿಟ್ಟು. ನಿನಗೆ ಏನು ತಿಳಿಯುತ್ತದೆ, ನಿನ್ನ ಸಲುವಾಗಿಯೇ ನಾನು ಇಷ್ಟು ಓಡಾಡುತ್ತಿರುವುದು, ಸುಮ್ನೆ ಇರು ಅಂತ ಬೈದು ಫೋನ್ ಇಟ್ಟೆ. ಇಟ್ಟ ಮೇಲೂ ಕೈ ನಡುಗುತ್ತಿತ್ತು. ಯಾರ ಸಲುವಾಗಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆನೋ ಅವನೇ ಬೇಡ ಅನ್ನುತ್ತಿದ್ದಾನೆ. ಹಾಗಿದ್ದರೆ ನನಗೆ ಹಗುರ ಆಗಬೇಕಾಗಿತ್ತು, ಅಲ್ವಾ? ಹಗುರ ಆಗುವ ಬದಲು ಯಾರೋ ನನ್ನ ಕೈಯಿಂದ ಏನೋ ಕಸಿದುಕೊಂಡ ಹಾಗೆ ಸಿಟ್ಟು ಬಂದಿತ್ತು. ನನ್ನ ಕೆಲಸವೇ ಸಾಕ್ಷಿಗಳ ಪಾಟೀಸವಾಲು. ಕಟಕಟೆಯಲ್ಲಿ ನಿಂತವನು ಕಾರಣವಿಲ್ಲದ ಜಾಗದಲ್ಲಿ ಸಿಟ್ಟಾದರೆ ಅಲ್ಲಿಯೇ ಏನೋ ಮುಚ್ಚಿಟ್ಟಿದ್ದಾನೆ ಅಂತ ನನಗೆ ತಕ್ಷಣ ಗೊತ್ತಾಗುತ್ತದೆ, ಅದೇ ಜಾಗ ಹಿಡಿದು ಕೇಳುತ್ತಾ ಹೋಗುತ್ತೇನೆ. ಅವತ್ತು ನನ್ನನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಡ್ರಾಫ್ಟನ್ನು ಫೇರ್ ಮಾಡಿಸಿದೆ.

ತಂಗಿ ಡಿಸೆಂಬರ್ ಮೊದಲ ವಾರ ಬಂದಳು. ಮರುದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದಿತ್ತು. ರಾತ್ರಿ ಊಟ ಆದ ಮೇಲೆ ಕಾಗದ ಅವಳ ಮುಂದೆ ಇಟ್ಟೆ. ಎಲ್ಲಿ ಸಹಿ ಮಾಡಬೇಕು ಅಂತ ಪೆನ್ಸಿಲ್ ಗುರುತು ಹಾಕಿದ್ದೆ. ಅವಳು ಕಾಗದ ತಿರುವಿ ನೋಡಿ, "ಅಣ್ಣ, ಇದ್ರಾಗ ಏನ್ ಬರ್ದದ ಒಂದ್ ಸಲ ಓದಿ ಹೇಳು" ಅಂದಳು. ಸಂಶಯದಿಂದ ಕೇಳಿದ್ದಲ್ಲ. ಅಕ್ಷರ ಬಹಳ ಸಣ್ಣದಾಗಿತ್ತು, ಅವಳ ಚಷ್ಮಾ ಊರಲ್ಲೇ ಉಳಿದಿತ್ತು.

ಓದಿದೆ. ಹೆಸರು, ವಯಸ್ಸು, ಊರು, ಸರ್ವೆ ನಂಬರ್, ಚಕ್‌ಬಂದಿ. ಆಮೇಲೆ ಆ ಸಾಲು ಬಂತು. ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ. ಸ್ವಸಂತೋಷ ಅನ್ನುವಲ್ಲಿ ನನ್ನ ದನಿ ನಿಂತಿತು. ಗಂಟಲು ಕಟ್ಟಿತು ಅಂತ ಹೇಳಿದರೆ ತಪ್ಪಾಗುತ್ತದೆ, ಅಳು ಬರಲಿಲ್ಲ. ಮುಂದಿನ ಪದ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ ಅಷ್ಟೇ. ಅವಳು ಕಾಯುತ್ತಾ ಕೂತಿದ್ದಳು. ನಾನು ಕಾಗದ ಮಡಚಿ, ಸರ್ವೆ ನಂಬರ್ ತಪ್ಪು ಟೈಪಾಗಿದೆ, ಸರಿ ಮಾಡಿಸಿ ಮತ್ತೆ ಕರೆಯುತ್ತೇನೆ ಅಂದೆ. ಅದು ಸುಳ್ಳು. ಸರ್ವೆ ನಂಬರ್ ಸರಿಯಾಗಿಯೇ ಇತ್ತು.

ಅಷ್ಟಾದ ಮೇಲೂ ನಿಜ ಹೇಳಲು ಆಗಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ಅವಳು ಮರುದಿನ ಬೆಳಿಗ್ಗೆ ಬಸ್ ಹತ್ತಿ ಹೋದಳು. ನನಗೆ ಮೂರು ವಾರ ಬೇಕಾಯಿತು.

ಆ ಮೂರು ವಾರ ಏನು ಮಾಡಿದೆ ಅಂದರೆ, ನನ್ನ ಹತ್ತಿರ ಇದ್ದ ಒಂದೇ ಹತ್ಯಾರ ತೆಗೆದುಕೊಂಡೆ. ರಾತ್ರಿ ಆಫೀಸ್ ಕೋಣೆಯಲ್ಲಿ ಕೂತು ನನ್ನದೇ ಕಾರಣಗಳನ್ನು ಒಂದು ಹಾಳೆಯ ಮೇಲೆ ಬರೆದು, ಎದುರು ಪಕ್ಷದ ವಕೀಲನ ಹಾಗೆ ಒಂದೊಂದಕ್ಕೂ ಪ್ರಶ್ನೆ ಹಾಕಿದೆ. ತಮ್ಮನ ಸಲುವಾಗಿ ಅಂದೆಯಲ್ಲ, ಹಾಗಿದ್ದರೆ ನಿನ್ನ ಪಾಲನ್ನು ಅವನಿಗೆ ಬಿಟ್ಟುಕೊಡುವ ಪತ್ರ ಯಾಕೆ ಬರೆಯಲಿಲ್ಲ? ಉತ್ತರ ಇಲ್ಲ. ಬಂಗಾರ ಹಾಕಿದ್ದೇವೆ ಅಂದೆಯಲ್ಲ, ನಿನ್ನ ಓದಿಗೆ ಅಪ್ಪ ಎಷ್ಟು ಖರ್ಚು ಮಾಡಿದ? ಅವಳು ಮಾರಿಬಿಡುತ್ತಾಳೆ ಅಂದೆಯಲ್ಲ, ಹೊಲದ ಹತ್ತಿರ ರಸ್ತೆ ಅಗಲ ಆದ ಮೇಲೆ ಎಕರೆಗೆ ಎಷ್ಟು ಆಗಿದೆ ಅಂತ ಹೋದ ವರ್ಷ ಯಾರು ವಿಚಾರಿಸಿದ್ದು?

ನಾನೇ. ವಿಚಾರಿಸಿದ್ದು ನಾನೇ. ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳಿದ್ದು ಅಂದುಕೊಂಡಿದ್ದೆ.

ಅದು ಸಣ್ಣ ಕಾರಣ, ದುಡ್ಡಿನ ಆಸೆ. ಅದನ್ನು ಒಪ್ಪಿಕೊಳ್ಳುವುದು ಕಷ್ಟವೇ, ಆದರೂ ಅದರ ಕೆಳಗೆ ಇನ್ನೊಂದು ಇತ್ತು. ಅದು ಹೊರಗೆ ಬರಲು ಹೆಚ್ಚು ದಿನ ಹಿಡಿಯಿತು. ನಾನು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಅವ್ವನಿಗೆ ಕಾಯಿಲೆ ಬಿತ್ತು. ತಂಗಿಯನ್ನು ಏಳನೇ ತರಗತಿಗೆ ಶಾಲೆ ಬಿಡಿಸಿದರು. ಊರಿನ ಬಸ್ಸಿನಲ್ಲಿ ವಾರಕ್ಕೆ ಎರಡು ಸಲ ನನಗೆ ಬುತ್ತಿ ಬರುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಪುಂಡಿ ಪಲ್ಯ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರ್ ಕೈಯಿಂದ ಆ ಗಂಟು ಇಸಿದುಕೊಂಡು ಹಾಸ್ಟೆಲಿಗೆ ಓಡುತ್ತಿದ್ದೆ. ಆ ರೊಟ್ಟಿ ಬಡಿಯುತ್ತಿದ್ದವಳು ಹದಿಮೂರು ವರ್ಷದ ಹುಡುಗಿ. ನಾನು ಬಿಎ ಮುಗಿಸಿದೆ, ಎಲ್‌ಎಲ್‌ಬಿ ಮುಗಿಸಿದೆ. ಗೋಡೆ ತುಂಬ ಪುಸ್ತಕ ಬಂದವು. ನನ್ನ ಓದು ನಿಂತಿರುವುದು ಅವಳ ಓದು ನಿಂತ ಜಾಗದ ಮೇಲೆ. ಇದು ನನಗೆ ಗೊತ್ತಿರಲಿಲ್ಲ ಅಂತ ಅಲ್ಲ, ಗೊತ್ತಿತ್ತು, ಗೊತ್ತಿದ್ದಕ್ಕೇ ಆ ಕಡೆ ನೋಡುತ್ತಿರಲಿಲ್ಲ. ಅವಳ ಪಾಲು ಅವಳಿಗೆ ಕೊಡುವುದು ಅಂದರೆ ನಾನು ಸಾಲಗಾರ ಅಂತ ಒಪ್ಪಿಕೊಂಡ ಹಾಗೆ. ಅವಳು ಸ್ವಸಂತೋಷದಿಂದ ಬಿಟ್ಟುಕೊಟ್ಟಳು ಅಂತ ಒಂದು ಕಾಗದ ರಿಜಿಸ್ಟರ್ ಆಗಿಬಿಟ್ಟರೆ ಆ ಹಳೆಯ ಸಾಲಕ್ಕೂ ರಸೀದಿ ಸಿಕ್ಕ ಹಾಗೆ ಆಗುತ್ತಿತ್ತು.

ದೊಡ್ಡ ಕಾರಣ ಸಿಕ್ಕ ಖುಷಿಯಲ್ಲಿ ಸಣ್ಣ ಕಾರಣವನ್ನು ಮರೆಸಿಬಿಡುವುದು ಸುಲಭ. ಹಾಗೆ ಮಾಡಬಾರದು. ಎರಡೂ ಇದ್ದವು.

ಇಲ್ಲಿ ನನಗೆ ನಾರದನ ಕಥೆ ಹೇಳಬೇಕು ಅನಿಸುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಬರುತ್ತದೆ. ನಾರದ ಸನತ್ಕುಮಾರನ ಹತ್ತಿರ ಹೋಗಿ, ನನಗೆ ಕಲಿಸು ಅನ್ನುತ್ತಾನೆ. ಮೊದಲು ನಿನಗೆ ಏನು ಗೊತ್ತಿದೆ ಹೇಳು, ಅದರ ಮುಂದಿನದನ್ನು ನಾನು ಹೇಳುತ್ತೇನೆ ಅನ್ನುತ್ತಾನೆ ಸನತ್ಕುಮಾರ. ನಾರದ ಪಟ್ಟಿ ಕೊಡುತ್ತಾನೆ. ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರಗಳ ವಿದ್ಯೆ, ಹಾವಿನ ವಿದ್ಯೆ, ಮುಗಿಯದಷ್ಟು ಉದ್ದ ಇದೆ. ಕೊನೆಗೆ ಹೇಳುತ್ತಾನೆ, ಇಷ್ಟೆಲ್ಲ ಗೊತ್ತಿದ್ದರೂ ನಾನು ಮಂತ್ರ ಬಲ್ಲವನು ಮಾತ್ರ, ನನ್ನನ್ನು ಬಲ್ಲವನಲ್ಲ, ತನ್ನನ್ನು ಬಲ್ಲವನು ದುಃಖ ದಾಟುತ್ತಾನೆ ಅಂತ ಕೇಳಿದ್ದೇನೆ, ನಾನಿನ್ನೂ ದುಃಖದಲ್ಲಿದ್ದೇನೆ. ಆ ಉಪನಿಷತ್ತು ಮಾತಾಡುವ ಆತ್ಮ ಬಹಳ ದೊಡ್ಡದು, ನನ್ನ ಹೊಲದ ಜಗಳಕ್ಕೆ ಅದನ್ನು ಎಳೆದು ತರುವುದು ಸರಿಯಲ್ಲ. ನನಗೆ ಹಿಡಿಸುವುದು ನಾರದ ಅಲ್ಲಿ ಬಂದು ನಿಂತ ರೀತಿ. ಅವನು ಪಟ್ಟಿಯನ್ನು ಪೂರ್ತಿ ಹೇಳಿದ, ಒಂದನ್ನೂ ಕೀಳು ಮಾಡಲಿಲ್ಲ. ಪೂರ್ತಿ ಹೇಳಿದ ಮೇಲೆ, ನಾನು ದುಃಖದಲ್ಲಿದ್ದೇನೆ ಅಂದ. ಅಷ್ಟು ಓದಿದವನ ಬಾಯಲ್ಲಿ ಆ ಕೊನೆಯ ಮಾತು ಬರಬೇಕಾದರೆ ಅವನಿಗೆ ಎಷ್ಟು ಕಷ್ಟ ಆಗಿರಬೇಕು ಅಂತ ನನಗೆ ಈಗ ಅರ್ಥ ಆಗುತ್ತದೆ.

ಮೂರು ವಾರದ ಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ದೊಡ್ಡ ಹಬ್ಬ, ಬೀಗರು ಬಿಜ್ಜರು ಎಲ್ಲ ಹೊಲಕ್ಕೆ ಬರುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಜೋಳ ಎದೆಮಟ್ಟ ಬೆಳೆದಿತ್ತು. ತಮ್ಮ ಭೂಮಿತಾಯಿಗೆ ನೈವೇದ್ಯ ಅಂತ ಹೊಲದ ತುಂಬ ಚರಗ ಚೆಲ್ಲಿ ಬಂದ. ಊಟ ಆದ ಮೇಲೆ ಎಲ್ಲರೂ ಬೇವಿನ ಮರದ ಕೆಳಗೆ ಅಡ್ಡಾದರು. ತಂಗಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಹತ್ತಿರ ಹೋಗಿ ಕೂತು ಎಲ್ಲ ಹೇಳಿದೆ. ಸರ್ವೆ ನಂಬರ್ ಸುಳ್ಳು ಸೇರಿಸಿ, ರಸ್ತೆ ರೇಟು ವಿಚಾರಿಸಿದ್ದು ಸೇರಿಸಿ, ಬುತ್ತಿ ಗಂಟು ಸೇರಿಸಿ. ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಅವಳು ಕೈ ಒರೆಸಿಕೊಂಡು ಕೂತಳು. "ನನಗ ಗೊತ್ತಿತ್ತಣ್ಣ" ಅಂದಳು. "ಹೆಣ್ಮಕ್ಳಿಗಿ ಪಾಲದ ಅಂತ ಟೀವ್ಯಾಗ ಬಂದಿತ್ತಲ್ಲ. ಹೊಲ ಬ್ಯಾಡ ಅಂತ ಅಲ್ಲ ನನಗ. ಬೇಕು. ನನ್ನ ಹೆಸರಿಲೆ ಒಂದ್ ತುಂಡ ಭೂಮಿ ಇರಬೇಕು ಅಂತ ಆಸಿ ಅದ. ಕೇಳಿದ್ರ ನೀವಿಬ್ರೂ ದೂರ ಆಗ್ತೀರಿ, ತವರು ತಪ್ಪತದ ಅಂತ ಅಂಜಿಕಿನೂ ಅದ. ಆಸಿಗಿಂತ ಅಂಜಿಕಿ ಜಾಸ್ತಿ ಇತ್ತು. ಅದಕ್ಕ ಸಹಿ ಮಾಡ್ಲಕ ಬಂದಿದ್ದೆ."

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಅವಳು ಏನೂ ದೊಡ್ಡ ತತ್ವ ಹೇಳಲಿಲ್ಲ. ನನಗೆ ಏನು ಬೇಕು, ನನಗೆ ಯಾವುದರ ಅಂಜಿಕೆ, ಎರಡರಲ್ಲಿ ಯಾವುದು ತೂಕ ಜಾಸ್ತಿ, ಅದಕ್ಕೆ ನಾನು ಏನು ಮಾಡಲು ಹೊರಟಿದ್ದೆ. ನಾಲ್ಕು ಮಾತು. ನನ್ನ ಬಗ್ಗೆ ಇಂಥ ನಾಲ್ಕು ಮಾತು ಹೇಳುವುದು ಅಪ್ಪ ಹೋದ ದಿನದಿಂದ ನಾಲ್ಕು ವರ್ಷ ನನ್ನ ಕೈಲಿ ಆಗಿರಲಿಲ್ಲ. ಅವಳಿಗೆ ಓದು ಕಡಿಮೆ, ಅದಕ್ಕೇ ಅವಳು ಒಳ್ಳೆಯವಳು ಅಂತ ಹೇಳುತ್ತಿಲ್ಲ. ಹಾಗೆ ಹೇಳಿದರೆ ಅವಳಿಗೆ ಎರಡನೇ ಸಲ ಮೋಸ ಮಾಡಿದ ಹಾಗೆ. ಓದಿದ್ದರೆ ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅವಳ ಹತ್ತಿರ ತನ್ನ ಆಸೆಯನ್ನು ಮುಚ್ಚಿಡಲು ಬೇಕಾದ ಬಟ್ಟೆಗಳು ಇರಲಿಲ್ಲ, ನನ್ನ ಹತ್ತಿರ ಗೋಡೆ ತುಂಬ ಇದ್ದವು. ನನಗೆ ಈಗ ತಿಳಿದಿರುವುದು ಇಷ್ಟು. ಓದು ನನ್ನ ಆಸೆಯನ್ನು ತಡೆಯಲಿಲ್ಲ, ಅದರ ಪರವಾಗಿ ವಕಾಲತ್ತು ಹಾಕಿತು. ಆಸೆ ಇರುವ ಅನಕ್ಷರಸ್ಥ, ನನಗೆ ಬೇಕು ಅಂತ ಜಗಳಕ್ಕೆ ನಿಲ್ಲುತ್ತಾನೆ, ಎದುರಿನವರಿಗೂ ಗೊತ್ತಾಗುತ್ತದೆ. ನಾನು ಕುಟುಂಬದ ಹಿತ, ಭೂಮಿಯ ಹಿತ, ತಮ್ಮನ ಹಿತ ಅಂತ ವಾದ ಕಟ್ಟಿದೆ, ಎದುರಿನವರಿಗೆ ಇರಲಿ, ನನಗೇ ಗೊತ್ತಾಗಲಿಲ್ಲ.

ಮರತೂರಿನ ಮಾತು ಬಾಕಿ ಇದೆ. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಆ ಊರಿನವನು ಅನ್ನುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಅದು, ಸುಮಾರು ಒಂಬೈನೂರು ವರ್ಷದ ಹಿಂದೆ, ಚಾಳುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನುವ ಮಾತನ್ನು ಗಟ್ಟಿಯಾಗಿ ನಿಲ್ಲಿಸಿದವನು ಅವನು. 1810ರಲ್ಲಿ ಕೋಲ್‌ಬ್ರೂಕ್ ಅನ್ನುವ ಇಂಗ್ಲಿಷ್ ವಿದ್ವಾಂಸ ಅದರಲ್ಲಿ ಆಸ್ತಿ ಪಾಲಿನ ಬಗ್ಗೆ ಇರುವ ಭಾಗವನ್ನು ಇಂಗ್ಲಿಷಿಗೆ ಮಾಡಿದ, ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಪಾಲು ಕೋರ್ಟುಗಳು ಅದನ್ನು ಹಿಡಿದು ತೀರ್ಪು ಕೊಟ್ಟವು. ಹೆಂಗಸಿನ ಸ್ವಂತ ಆಸ್ತಿ ಯಾವುದು ಅನ್ನುವುದಕ್ಕೆ ಅವನು ಕೊಟ್ಟ ಅರ್ಥ ಹಿಂದಿನವರಿಗಿಂತ ಅಗಲವಾಗಿತ್ತು. ನಮ್ಮ ನೆಲದಿಂದ ಹೋದ ಅಷ್ಟು ದೊಡ್ಡ ವಿದ್ವಾಂಸ ಇನ್ನೊಬ್ಬನಿಲ್ಲ ಅಂತ ನಾನು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ. ಆ ಗ್ರಂಥದ ಕೊನೆಯ ಶ್ಲೋಕಗಳಲ್ಲಿ ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದಿಲ್ಲ, ವಿಕ್ರಮನಂಥ ರಾಜ ಇಲ್ಲ, ವಿಜ್ಞಾನೇಶ್ವರನಂಥ ಪಂಡಿತ ಇಲ್ಲ ಅಂತ ಬರುತ್ತದೆ.

ಅದೇ ಕಲ್ಯಾಣಕ್ಕೆ ಕೆಲವು ದಶಕದ ನಂತರ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಬಂದರು. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಕೇಳಿದಳು, "ಈಸಕ್ಕಿಯಾಸೆ ನಿಮಗೇಕೆ?" ವಾಪಸ್ ಹಾಕಿ ಬರಲು ಕಳಿಸಿದಳು. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಬಸವ ಜಯಂತಿ ಭಾಷಣಗಳಲ್ಲಿ ಹೇಳಿಯೂ ಇದ್ದೇನೆ. ಲಕ್ಕಮ್ಮನ ನಿಷ್ಠೆ ಅಂತ ಹೇಳಿ ಮುಗಿಸುತ್ತಿದ್ದೆ. ಈಗ ನನ್ನ ಮನಸ್ಸು ಮಾರಯ್ಯನ ಕೈ ಹತ್ತಿರ ನಿಲ್ಲುತ್ತದೆ. ಅವನು ಕಳ್ಳನಲ್ಲ, ದಿನಾ ಆಯುತ್ತಿದ್ದ ಅಕ್ಕಿಯೇ, ಅವತ್ತು ಜಾಸ್ತಿ ಬಿದ್ದಿತ್ತು, ಆಯ್ದ. ದಾಸೋಹಕ್ಕೇ ತಾನೇ ಅಂದುಕೊಂಡಿರಬಹುದು, ಅದೂ ಒಳ್ಳೆಯ ಕಾರಣವೇ. ಯಾವ ಹಿಡಿಯಿಂದ ಮುಂದಿನದು ಆಸೆಯ ಅಕ್ಕಿ ಆಯಿತು ಅಂತ ಅವನ ಕೈಗೇ ಗೊತ್ತಾಗಲಿಲ್ಲ. ಮಿತಾಕ್ಷರದ ಅಳತೆಗೆ ಅದು ಸಿಗುವುದಿಲ್ಲ. ಅಳೆದು ಹೇಳಿದ್ದು ಮನೆಯಲ್ಲಿದ್ದವಳು. ನನ್ನ ಮನೆಯಲ್ಲೂ ಒಬ್ಬಳು ಮುಖ ನೋಡಿ ಒಳಗೆ ಹೋಗಿದ್ದಳು ಅಂತ ಆಗಲೇ ಹೇಳಿದೆನಲ್ಲ. ಆಮೇಲೆ ಕೇಳಿದೆ, ಅವತ್ತೇ ಯಾಕೆ ಹೇಳಲಿಲ್ಲ ಅಂತ. "ಹೇಳಿದ್ರ ನೀವು ವಾದ ಮಾಡ್ತಿದ್ರಿ, ನಾ ಸೋಲ್ತಿದ್ದೆ" ಅಂದಳು. ಅದೂ ನಿಜ.

ಓದು ಬೇಡ ಅನ್ನುವವರು ಸಿಕ್ಕರೆ ನನಗೆ ಬೇಜಾರಾಗುತ್ತದೆ. ಓದಿ ಓದಿ ಮರುಳಾದ ಕೂಚು ಭಟ್ಟ ಅನ್ನುವ ಗಾದೆಯನ್ನು ನಮ್ಮ ಜಿಲ್ಲೆಗಳಲ್ಲಿ ನಿಂತು ಹೇಳಬಾರದು. 2011ರ ಜನಗಣತಿಯಲ್ಲಿ ಇಡೀ ರಾಜ್ಯಕ್ಕೆ ಕಡಿಮೆ ಸಾಕ್ಷರತೆ ಯಾದಗಿರಿಯದು, ಶೇ 52ರ ಆಸುಪಾಸು. ಇಂಥ ಕಡೆ ಹೆಣ್ಣುಮಗಳೊಬ್ಬಳಿಗೆ ಕಾಗದ ಓದಲು ಬರುವುದು ಅಂದರೆ ಅವಳ ಹೊಲ ಅವಳಿಗೆ ಉಳಿಯುವುದು. ನಮ್ಮೂರಿನ ಹತ್ತಿರ ನಾಗಾವಿ ಇದೆ. ಚಿಕ್ಕವರಿದ್ದಾಗ ಯಲ್ಲಮ್ಮನ ಜಾತ್ರೆಗೆ ಹೋದರೆ ಅಲ್ಲಿನ ಅರವತ್ತು ಕಂಬದ ಗುಡಿಯಲ್ಲಿ ಮುಟ್ಟಾಟ ಆಡುತ್ತಿದ್ದೆವು. ಅಲ್ಲಿ ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ ಇತ್ತು ಅಂತ ಆಗ ಗೊತ್ತಿರಲಿಲ್ಲ. 1058ರ ಶಾಸನದಲ್ಲಿ ವೇದ ಓದುವ 200 ಮಂದಿಯ ಊಟ ವಸತಿಗೆ ಬಿಟ್ಟ ದಾನ ಇದೆ, ಗ್ರಂಥ ನೋಡಿಕೊಳ್ಳಲು ಸರಸ್ವತಿ ಭಂಡಾರಿಗರು ಇದ್ದರು. ಸಾವಿರ ವರ್ಷದ ಹಿಂದೆ ನಮ್ಮ ಎರೆ ಭೂಮಿಯಲ್ಲಿ ಪುಸ್ತಕ ಕಾಯಲಿಕ್ಕೇ ಅಂತ ಜನ ಇದ್ದರು ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ನನ್ನ ಗೋಡೆಯ ಪುಸ್ತಕಗಳಲ್ಲಿ ಒಂದನ್ನೂ ನಾನು ಕೊಡುವುದಿಲ್ಲ. ಅವು ನನಗೆ ತಂಗಿಯ ಪಾಲು ಎಷ್ಟು ಅಂತ ಗುಂಟೆ ಲೆಕ್ಕದಲ್ಲಿ ಹೇಳಿದವು, ಸುಳ್ಳು ಹೇಳಲಿಲ್ಲ. ಆ ಪಾಲು ಕೊಡಲು ನನ್ನ ಕೈ ಯಾಕೆ ಏಳುತ್ತಿಲ್ಲ ಅಂತ ಅವುಗಳನ್ನು ಕೇಳಿದರೆ ಅವು ಹೇಗೆ ಹೇಳಬೇಕು? ಅದು ನಾನೇ ಓದಬೇಕಾಗಿದ್ದ ಕಾಗದ.

ಈಗಲೂ ನನಗೆ ನನ್ನ ಬಗ್ಗೆ ಎಲ್ಲ ತಿಳಿದುಬಿಟ್ಟಿದೆ ಅಂತ ಇಲ್ಲ. ಒಂದೆರಡು ಗುರುತು ಸಿಕ್ಕಿವೆ. ಬೇರೆಯವರ ಸಲುವಾಗಿ ಮಾಡುತ್ತಿದ್ದೇನೆ ಅಂತ ಜೋರಾಗಿ ಹೇಳಿಕೊಳ್ಳುತ್ತಿದ್ದರೆ ಒಂದು ಸಲ ನಿಲ್ಲುತ್ತೇನೆ. ಒಂದೇ ಕೆಲಸಕ್ಕೆ ಐದು ಕಾರಣ ಸಿಕ್ಕರೆ ಆರನೆಯದನ್ನು ಹುಡುಕುತ್ತೇನೆ. ಬರಬಾರದ ಜಾಗದಲ್ಲಿ ಸಿಟ್ಟು ಬಂದರೆ ಆ ರಾತ್ರಿ ಹಾಳೆ ತೆಗೆದುಕೊಂಡು ಕೂರುತ್ತೇನೆ. ಆಫೀಸಿನಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ, ಹಕ್ಕು ಬಿಡುಗಡೆ ಪತ್ರ ಮಾಡಿಸಲು ಬಂದರೆ ಸಹಿ ಮಾಡುವ ಹೆಣ್ಣುಮಗಳ ಮುಂದೆ ನಾನೇ ಪೂರ್ತಿ ಓದುತ್ತೇನೆ, ಅವಳ ಪಾಲು ಎಷ್ಟು ಎಕರೆ ಅಂತ ಮೊದಲು ಹೇಳಿ ಆಮೇಲೆ ಓದುತ್ತೇನೆ. ಕೆಲವರು ಕಾಗದ ತೆಗೆದುಕೊಂಡು ಬೇರೆ ವಕೀಲರ ಹತ್ತಿರ ಹೋಗಿದ್ದಾರೆ. ಹೋಗಲಿ.

ನಮ್ಮ ಹೊಲ ಮೂರು ಪಾಲಾಯಿತು. ವಾಟ್ನಿ ಪತ್ರ, ಅಂದರೆ ಪಾಲುಪತ್ರ ರಿಜಿಸ್ಟರ್ ಆಗಿ, ಪಹಣಿಯಲ್ಲಿ ತಂಗಿಯ ಹೆಸರು ಬಂತು. ಅವಳು ಅದರ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಟ್ಟಿದ್ದಾಳೆ. ಹೊಲ ತಮ್ಮನಿಗೇ ಪಾಲಿಗೆ ಹಾಕಿದ್ದಾಳೆ, ಅರ್ಧ ಬೆಳೆ ಅವಳಿಗೆ. ಅವಳು ಮಾರಲಿಲ್ಲ. ಮಾರಿದ್ದರೂ ಅದು ಅವಳ ಇಷ್ಟ.

ಮೋಜಣಿ ಆದ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ಸರ್ವೆಯರ್ ಅಳತೆ ಹಾಕುತ್ತಾ ಬಂದರು, ಕಲ್ಲು ಹುಗಿಯಲು ಗುರುತು ಬಿತ್ತು. ಬೇವಿನ ಮರ ತಂಗಿಯ ಪಾಲಿಗೆ ಹೋಯಿತು. ಅಪ್ಪ ಮಧ್ಯಾಹ್ನ ರುಮಾಲು ಹಾಸಿ ಮಲಗುತ್ತಿದ್ದ ಮರ. ನನಗೆ ಒಳಗೆ ಚುರುಕ್ ಅಂದಿತು, ತಕ್ಷಣ ತಲೆಯಲ್ಲಿ ಒಂದು ಕಾರಣ ಎದ್ದು ನಿಂತಿತು, ದಾರಿಗೆ ಜಾಗ ಬೇಕಾಗುತ್ತದೆ, ಗೆರೆಯನ್ನು ಎರಡು ಮಾರು ಆಚೆ ಸರಿಸಿದರೆ ಮೂವರಿಗೂ ಅನುಕೂಲ ಅಂತ. ಬಾಯಿಯವರೆಗೂ ಬಂದಿತ್ತು. ಈ ಸಲ ಅದು ಎಲ್ಲಿಂದ ಎದ್ದಿತು ಅಂತ ಕಂಡಿತು. ಸುಮ್ಮನಾದೆ. ಸಂಜೆ ಬದುವಿನ ಮೇಲೆ ಕೂತಾಗ ತಮ್ಮನಿಗೆ ಹೇಳಿದೆ, ಮರ ಆ ಕಡೆ ಹೋದಾಗ ಹಿಂಗಾಯಿತು ನೋಡು ಅಂತ.

ಅವನು ಸ್ವಲ್ಪ ಹೊತ್ತು ಮರದ ಕಡೆ ನೋಡಿದ. "ನನಗೂ ಹಂಗೇ ಆತಣ್ಣ" ಅಂದ.